ವಾಡೊ: ಮಂಗಳೂರು ಕೆಥೋಲಿಕರ ನೆರೆಕೂಟ

ವಾಡೊ ಎಂಬುದು ಕರಾವಳಿ ಕರ್ನಾಟಕದ ಕೊಂಕಣಿ ಕೆಥೋಲಿಕರಲ್ಲಿ ಒಂದೇ ನೆರೆಯಲ್ಲಿ ವಾಸವಾಗಿರುವ ಕುಟುಂಬಗಳು ಗುರಿಕಾರರೊಬ್ಬರ ಮುಂದಾಳತ್ವದಲ್ಲಿ ಸೇರಿಕೊಂಡ, ಚರ್ಚ್ ಆಡಳಿತದ ಅತ್ಯಂತ ಚಿಕ್ಕ ಘಟಕ. ಮನೆಯ ಪ್ರಾರ್ಥನೆಗೂ ಚರ್ಚಿನ ಬಲಿಪೂಜೆಗೂ ನಡುವಿನ ಸ್ಥಾನ ಅದರದು. ಮಗುವಿನ ದೀಕ್ಷಾಸ್ನಾನ, ಮದುವೆ, ಕಾಯಿಲೆ, ಸಾವು, ಹೊಸ ಅಕ್ಕಿಯ ಊಟ, ಅಕ್ಕಪಕ್ಕದ ಮನೆಗಳ ಜಗಳದ ಇತ್ಯರ್ಥ ಮುಂತಾದ ದಿನನಿತ್ಯದ ವ್ಯವಹಾರಗಳಲ್ಲಿ ಧರ್ಮದ ಬೋಧೆ ಆಚರಣೆಗೆ ಬರುವುದು ಬಹುಪಾಲು ಈ ಘಟಕದ ಮೂಲಕ. ಮಂಗಳೂರು ನಗರದ ಪೂರ್ವ ಭಾಗದ ಪಡೀಲ್ ಮತ್ತು ಅದರ ಸುತ್ತಲಿನ ಕುಲಶೇಖರ, ಬಜಾಲ್, ನಾಗೋರಿ, ಕಂಕನಾಡಿ ಪ್ರದೇಶಗಳು ಈ ವ್ಯವಸ್ಥೆಯ ಹಳೆಯ ಕೃಷಿಕ ರೂಪವನ್ನೂ ಇಂದಿನ ನಗರ ರೂಪವನ್ನೂ ಒಟ್ಟಿಗೆ ತೋರಿಸುತ್ತವೆ.

ಪರಿಭಾಷೆ

ಮಂಗಳೂರಿನಲ್ಲಿ ವಾಡೊ ಎನ್ನುವುದಕ್ಕೆ ಉಡುಪಿ, ಕುಂದಾಪುರದ ಕಡೆಯ ಕನ್ನಡದಲ್ಲಿ ವಾಳೆ ಎಂಬ ರೂಪ ರೂಢಿಯಲ್ಲಿದೆ. ಇಂಗ್ಲಿಷ್ ಬಲ್ಲವರು ವಾರ್ಡ್ ಎನ್ನುತ್ತಾರೆ. ಪಾಲಿಕೆಯ ವಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಮುಂದಾಳು ಕೊಂಕಣಿಯಲ್ಲಿ ಗುರ್ಕಾರ್, ಕನ್ನಡದಲ್ಲಿ ಗುರಿಕಾರ. ತುಳುನಾಡಿನ ಇತರ ಸಮುದಾಯಗಳಲ್ಲೂ ಕೂಡುಕಟ್ಟಿನ ಯಜಮಾನನಿಗೆ ಇದೇ ಹೆಸರಿದೆ. ಕೆಥೋಲಿಕರು ಪದವಿಯನ್ನೂ ಹೆಸರನ್ನೂ ಈ ನೆಲದಿಂದಲೇ ಪಡೆದರು. ಹಲವು ವಾಡೊಗಳು ಸೇರಿದರೆ ಒಂದು ಫಿರ್ಗಜ್, ಅಂದರೆ ಒಂದು ಚರ್ಚಿನ ವ್ಯಾಪ್ತಿ. ಹಲವು ಫಿರ್ಗಜ್‌ಗಳು ಸೇರಿ ವಾರಾಡೊ ಅಥವಾ ವಲಯ. ಎಲ್ಲ ವಲಯಗಳೂ ಸೇರಿ ಧರ್ಮಪ್ರಾಂತ. ಚರ್ಚ್ ಕಟ್ಟಡ ಇಗರ್ಜ್. ಅದರ ಮುಖ್ಯಸ್ಥ ವಿಗಾರ್ ಅಥವಾ ಪ್ರಧಾನ ಧರ್ಮಗುರು. ಮಾತಿನಲ್ಲಿ ಯಾವುದೇ ಧರ್ಮಗುರುವನ್ನು ಪಾದ್ರ್ಯಾಬ್ ಎಂದು ಕರೆಯುವುದು ವಾಡಿಕೆ.

ಉಗಮ

ಮಂಗಳೂರು ಕೆಥೋಲಿಕರಲ್ಲಿ ಹೆಚ್ಚಿನವರ ಪೂರ್ವಿಕರು ಗೋವೆಯಿಂದ ದಕ್ಷಿಣಕ್ಕೆ ಬಂದವರು. 1560ರಲ್ಲಿ ಗೋವೆಯಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ, ಬಿಜಾಪುರದೊಂದಿಗಿನ ಯುದ್ಧಗಳು, 1683 ಮತ್ತು 1739ರ ಮರಾಠರ ದಾಳಿಗಳು, ಬರ, ತೆರಿಗೆ ಇವೆಲ್ಲ ವಲಸೆಗೆ ಕಾರಣವಾದವು. ಕೆನರಾದಲ್ಲಿ ಕೆಳದಿಯ ನಾಯಕರಿಗೆ ಸಾಗುವಳಿ ಬಲ್ಲ ಒಕ್ಕಲುಗಳು ಬೇಕಾಗಿದ್ದವು. ಹೀಗೆ ಬಂದವರು ಊರಿನ ಒಂದೇ ಕಡೆ ಗುಂಪಾಗಿ ನೆಲೆಸದೆ ಗದ್ದೆ ಸಿಕ್ಕ ಬೈಲುಗಳಲ್ಲಿ, ಒಂದು ಮನೆಗೂ ಮತ್ತೊಂದಕ್ಕೂ ಅಂತರವಿಟ್ಟು ನೆಲೆಸಿದರು. ಮಂಗಳೂರಿನ ರೊಜಾರಿಯೊ ಚರ್ಚ್ 1568ರಿಂದ, ಮಿಲಾಗ್ರಿಸ್ ಚರ್ಚ್ 1680ರಿಂದ ಇದ್ದರೂ ಒಳನಾಡಿನ ಮನೆಗಳಿಗೆ ಧರ್ಮಗುರುವಿನ ಭೇಟಿ ಅಪರೂಪವಾಗಿತ್ತು.

ಗುರಿಕಾರಿಕೆ ಬೆಳೆದದ್ದು ಈ ಕೊರತೆಯಲ್ಲಿ. ನಡತೆಯಲ್ಲಿ ಹೆಸರುಳ್ಳ, ಸಾಮಾನ್ಯವಾಗಿ ಸ್ವಲ್ಪ ಜಮೀನೂ ಇದ್ದ ಹಿರಿಯನೊಬ್ಬ ಆಯಾ ನೆಲೆಯ ಕ್ರೈಸ್ತರ ಸಾಮಾಜಿಕ ಮತ್ತು ಧಾರ್ಮಿಕ ಮೇಲ್ವಿಚಾರಣೆ ಹೊತ್ತುಕೊಳ್ಳುತ್ತಿದ್ದ. ಪ್ರಾರ್ಥನೆ ನಡೆಸುವುದು, ಜಗಳ ಬಿಡಿಸುವುದು, ಮದುವೆಯ ಮಾತುಕತೆಗೆ ಸಾಕ್ಷಿಯಾಗುವುದು, ಸರ್ಕಾರದೆದುರು ಸಮುದಾಯದ ಪರವಾಗಿ ನಿಲ್ಲುವುದು ಅವನ ಕೆಲಸಗಳಾಗಿದ್ದವು. ವಾಡೊವನ್ನು ಧರ್ಮಾಧ್ಯಕ್ಷರ ಆಡಳಿತ ಮೇಲಿನಿಂದ ಇಳಿಸಿದ ವಿಭಾಗವೆಂದು ವರ್ಣಿಸುವುದು ಇತಿಹಾಸದ ಮಟ್ಟಿಗೆ ಸರಿಯಲ್ಲ. ಅದು ಮೊದಲು ಶ್ರೀಸಾಮಾನ್ಯರ ಏರ್ಪಾಡಾಗಿ ಹುಟ್ಟಿ, ಆಮೇಲೆ ಚರ್ಚಿನ ಕಟ್ಟಳೆಯೊಳಗೆ ಸೇರಿಕೊಂಡಿತು.

1784ರ ಫೆಬ್ರವರಿ ಕೊನೆಯಲ್ಲಿ, ಬೂದಿ ಬುಧವಾರದ ಸುಮಾರಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕೆಥೋಲಿಕರ ಸೆರೆ ಆರಂಭವಾಯಿತು. ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರ ಸಂಖ್ಯೆಯನ್ನು ಮೂಲಗಳು 30,000ದಿಂದ 80,000ದವರೆಗೆ ಬೇರೆ ಬೇರೆಯಾಗಿ ಹೇಳುತ್ತವೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮರಳಿ ಬಂದವರು ಅವರಲ್ಲಿ ಒಂದು ಭಾಗ ಮಾತ್ರ. ಚರ್ಚುಗಳು ಕೆಡವಲ್ಪಟ್ಟಿದ್ದವು, ಜಮೀನುಗಳು ಬೇರೆಯವರ ಕೈಯಲ್ಲಿದ್ದವು, ಕುಟುಂಬಗಳು ಒಡೆದಿದ್ದವು. ಸಮುದಾಯ ಮನೆಯಿಂದ ಮನೆಗೆ, ನೆರೆಯಿಂದ ನೆರೆಗೆ ಮತ್ತೆ ಜೋಡಣೆಯಾಗಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆಡಳಿತ ಗಟ್ಟಿಯಾಯಿತು. ಶತಮಾನದ ನಡುವಿನಲ್ಲಿ ಮಂಗಳೂರು ಪ್ರತ್ಯೇಕ ವಿಕಾರಿಯೇಟ್ ಆಯಿತು. 1878ರ ಕೊನೆಯಲ್ಲಿ ಯೇಸುಸಭೆಯವರು ಬಂದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತವಾಯಿತು. ಪಡೀಲಿಗೆ ಹೊಂದಿಕೊಂಡ ಕುಲಶೇಖರದಲ್ಲಿ ಕೊರ್ಡೆಲ್ ಎಂದು ಕರೆಯುವ ಹೋಲಿ ಕ್ರಾಸ್ ಚರ್ಚನ್ನು 1873ರಲ್ಲಿ ಸ್ಥಾಪಿಸಿದವರು ಫ್ರೆಂಚ್ ಧರ್ಮಗುರು ಅಲೆಕ್ಸಾಂಡರ್ ದ್ಯುಬುವಾ. ಜನರ ಬಾಯಲ್ಲಿ ಅವರು ಫ್ರಾದ್ ಸಾಯ್ಬ್. ಕಂಕನಾಡಿಯಲ್ಲಿ 1880ರಲ್ಲಿ ಜರ್ಮನ್ ಯೇಸುಸಭೆಯ ಆಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿದ್ದು ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೊದಲ ಹಂತ. ಇದೇ ಕಾಲದಲ್ಲಿ ಆಂಜೆಲೊ ಮಫೇಯಿ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಹೊರತಂದರು. ಕೆಥೋಲಿಕ್ ಧರ್ಮಗುರುವಿನ ಈ ಪುಸ್ತಕಗಳು ಅಚ್ಚಾದದ್ದು ಪ್ರಾಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕನ್ನಡ ಲಿಪಿಯ ಕೊಂಕಣಿ ಪ್ರಾರ್ಥನಾ ಪುಸ್ತಕ ಮನೆಮನೆಗೆ ತಲಪಿದ ಮೇಲೆ ಪ್ರಾರ್ಥನೆಗಾಗಿ ಬಾಯಿಪಾಠವನ್ನೇ ನೆಚ್ಚಿಕೊಳ್ಳುವ ಅಗತ್ಯ ಕಡಿಮೆಯಾಯಿತು. 1938ರಲ್ಲಿ ಆರಂಭವಾದ ‘ರಾಕ್ಣೊ’ ವಾರಪತ್ರಿಕೆ ಧರ್ಮಪ್ರಾಂತದ ಸುದ್ದಿಯನ್ನು ಅದೇ ಲಿಪಿಯಲ್ಲಿ ಮನೆಗೆ ತಂದಿತು.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಎರಡು ರೀತಿಯಲ್ಲಿ ವಾಡೊವನ್ನು ಮುಟ್ಟಿತು. ಲ್ಯಾಟಿನ್ ಬಲಿಪೂಜೆಯ ಜಾಗಕ್ಕೆ ಜನಭಾಷೆ ಬಂದು, ಮನೆಯಲ್ಲಿ ಆಡುವ ಭಾಷೆಯೇ ಚರ್ಚಿನ ಭಾಷೆಯೂ ಆಯಿತು. ಕುಟುಂಬವನ್ನು ‘ಗೃಹಸಭೆ’ ಎಂದು ಗುರುತಿಸಿ, ಶ್ರೀಸಾಮಾನ್ಯರ ಪಾಲುದಾರಿಕೆಯನ್ನು ಹಕ್ಕಾಗಿ ಒಪ್ಪಿದ್ದರಿಂದ ಗುರಿಕಾರರು ಚರ್ಚ್ ಪಾಲನಾ ಮಂಡಳಿಯ ಸದಸ್ಯರಾದರು. ಏಷ್ಯಾದ ಧರ್ಮಾಧ್ಯಕ್ಷರು 1990ರಲ್ಲಿ ಬಾಂಡುಂಗ್‌ನಲ್ಲಿ ಸೇರಿ, ಚರ್ಚ್ ಎಂದರೆ ಸಮುದಾಯಗಳ ಸಮುದಾಯವಾಗಬೇಕು ಎಂದು ಹೇಳಿದ ಮೇಲೆ ಕಿರು ಕ್ರೈಸ್ತ ಸಮುದಾಯಗಳ ಚಳವಳಿ ಭಾರತದಲ್ಲೂ ಬೆಳೆಯಿತು. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹಂತಗಳ ಬೈಬಲ್ ಹಂಚಿಕೆಯ ಕ್ರಮ ಆ ಚಳವಳಿಯ ಜೊತೆ ಬಂದಿತು. ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕಾದಲ್ಲಿ ಇಂಥ ಸಮುದಾಯಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಮಂಗಳೂರಿನಲ್ಲಿ ಅವು ಆಗಲೇ ಇದ್ದ ವಾಡೊದ ಮೇಲೆ ಕುಳಿತವು.

ರಚನೆ

ಒಂದು ವಾಡೊದಲ್ಲಿ ಹತ್ತಾರು ಮನೆಗಳಿರುತ್ತವೆ. ಗಡಿಯಾಗಿ ರಸ್ತೆ, ತೋಡು, ಗುಡ್ಡದ ಏರು, ಈಗೀಗ ರೈಲುಹಳಿ ಅಥವಾ ಹೆದ್ದಾರಿಯನ್ನು ಇಟ್ಟುಕೊಳ್ಳುತ್ತಾರೆ. ಪ್ರತಿ ವಾಡೊಗೆ ಒಬ್ಬ ಸಂತರ ಹೆಸರು ಇರುತ್ತದೆ. ಆ ಸಂತರ ಸ್ಮರಣೆಯ ದಿನ ವಾಡೊದ ಹಬ್ಬ. ಗುರಿಕಾರರ ಜೊತೆಗೆ ಪ್ರತಿನಿಧಿಗಳಿರುತ್ತಾರೆ. ಹಿಂದೆ ಗುರಿಕಾರಿಕೆ ಒಂದೇ ಮನೆತನದಲ್ಲಿ ಉಳಿಯುವುದು, ಧರ್ಮಗುರು ನೇಮಿಸುವುದು ಎರಡೂ ಇತ್ತು. ಈಗ ಕುಟುಂಬಗಳು ಸಭೆ ಸೇರಿ ನಿಗದಿತ ಅವಧಿಗೆ ಆರಿಸುತ್ತವೆ. ಮಹಿಳೆಯರೂ ಗುರ್ಕಾರ್ನ್ ಆಗಿ ಆಯ್ಕೆಯಾಗುತ್ತಾರೆ.

ವಾಡೊ ಸಭೆ ಸರದಿಯಂತೆ ಒಂದೊಂದು ಮನೆಯಲ್ಲಿ ನಡೆಯುತ್ತದೆ. ಪ್ರಾರ್ಥನೆ, ಬೈಬಲ್ ವಾಚನ, ವಾಚನದ ಮೇಲೆ ಮಾತುಕತೆ, ಕೊನೆಗೆ ವ್ಯವಹಾರ. ವ್ಯವಹಾರವೆಂದರೆ ಹಬ್ಬದ ವಂತಿಗೆ, ಕಾಯಿಲೆಯವರ ಭೇಟಿ, ಮುಂದಿನ ಭಾನುವಾರ ಬಲಿಪೂಜೆಯ ವಾಚನ ಮತ್ತು ಹಾಡು ಯಾರ ಪಾಲಿಗೆ, ಚರ್ಚ್ ಆವರಣದ ಶ್ರಮದಾನಕ್ಕೆ ಯಾರು ಬರುತ್ತಾರೆ ಇತ್ಯಾದಿ. ಸಭೆ ನಡೆಯುವ ಮನೆ ಚಾ ತಿಂಡಿ ಕೊಡುತ್ತದೆ. ಬಡ ಮನೆಗಳಿಗೆ ಇದು ಹೊರೆಯಾಗಬಾರದೆಂದು ಕೆಲವು ಚರ್ಚುಗಳಲ್ಲಿ ತಿಂಡಿಗೆ ಮಿತಿ ಇಟ್ಟಿದ್ದಾರೆ.

ಗುರಿಕಾರರು ಪಾಲನಾ ಮಂಡಳಿಯಲ್ಲಿ ವಾಡೊವನ್ನು ಪ್ರತಿನಿಧಿಸುತ್ತಾರೆ. 1983ರ ಧರ್ಮಸಭಾ ಕಾನೂನಿನ ಪ್ರಕಾರ ಪಾಲನಾ ಮಂಡಳಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇದೆ, ಅಧ್ಯಕ್ಷತೆ ಧರ್ಮಗುರುವಿನದು. ಹಣಕಾಸು ಮಂಡಳಿ ಮಾತ್ರ ಕಡ್ಡಾಯ. ಆಚರಣೆಯಲ್ಲಿ ಗುರಿಕಾರರ ಸಹಕಾರವಿಲ್ಲದೆ ಚರ್ಚಿನ ಯಾವ ದೊಡ್ಡ ಕೆಲಸವೂ ನಡೆಯುವುದಿಲ್ಲ. ಹೊಸ ಚರ್ಚ್ ಕಟ್ಟುವಾಗ ಮನೆಮನೆಯ ಪಾಲು ಎತ್ತುವವರು ಅವರೇ.

ಪಡೀಲಿನಂಥ ಕಡೆ ಒಂದು ಮನೆ ಯಾವ ಚರ್ಚಿಗೆ ಸೇರಿದ್ದೆಂಬುದು ಮನೆಯವರ ಇಷ್ಟದಿಂದ ನಿರ್ಧಾರವಾಗುವುದಿಲ್ಲ, ವಾಸದ ಜಾಗದಿಂದ ನಿರ್ಧಾರವಾಗುತ್ತದೆ. ಉತ್ತರಕ್ಕೆ ಕುಲಶೇಖರ, ದಕ್ಷಿಣಕ್ಕೆ ಬಜಾಲ್, ಪಶ್ಚಿಮಕ್ಕೆ ನಾಗೋರಿಯ ಏಂಜಲೋರ್ ಮತ್ತು ಕಂಕನಾಡಿ ಚರ್ಚುಗಳು ಸುತ್ತಲೂ ಇವೆ. ಭಾನುವಾರದ ಪೂಜೆಗೆ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಬಹುದು. ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆ ಮಾತ್ರ ತನ್ನ ಫಿರ್ಗಜ್‌ನಲ್ಲಿ. ಮನೆ ಬದಲಾದರೆ ಕುಟುಂಬದ ಹೆಸರು ಒಂದು ಚರ್ಚಿನ ದಫ್ತರದಿಂದ ಇನ್ನೊಂದಕ್ಕೆ ವರ್ಗವಾಗಬೇಕು, ಹೊಸ ವಾಡೊದ ಗುರಿಕಾರರಿಗೆ ತಿಳಿಸಬೇಕು.

ಮನೆ

ಮನೆಯ ಧಾರ್ಮಿಕ ದಿನಚರಿಯ ನಡುಗಂಬ ಸಂಜೆಯ ಪ್ರಾರ್ಥನೆ. ಚರ್ಚಿನ ಗಂಟೆ ಬಾರಿಸಿದಾಗ ಆಮೊರಿ ಎಂಬ ಕಿರು ಪ್ರಾರ್ಥನೆ, ಆಮೇಲೆ ಮನೆಯ ಅಲ್ತಾರ್ ಅಥವಾ ಪೀಠದ ಎದುರು ತೇರ್ಸ್, ಅಂದರೆ ಜಪಸರ. ಜಪಸರದ ಐದು ದಶಕಗಳನ್ನು ಮನೆಯವರು ಹಂಚಿಕೊಂಡು ಹೇಳುವುದರಿಂದ ಚಿಕ್ಕ ಮಕ್ಕಳಿಗೂ ಒಂದು ಸರದಿ ಬರುತ್ತದೆ. ಪ್ರಾರ್ಥನೆ ಮುಗಿದೊಡನೆ ಕಿರಿಯರು ಹಿರಿಯರ ಬಳಿ ಕೈಮುಗಿದು ಬೆಸಾಂವ್ ಕೇಳುತ್ತಾರೆ. ಅಜ್ಜ ಅಜ್ಜಿಯಿಂದ ಆರಂಭಿಸಿ ವಯಸ್ಸಿನ ಕ್ರಮದಲ್ಲಿ ನಡೆಯುವ ಈ ಆಶೀರ್ವಾದ ಪ್ರತಿದಿನವೂ ಮನೆಯೊಳಗಿನ ಸಂಬಂಧಗಳನ್ನು ಹೆಸರಿಟ್ಟು ಗುರುತಿಸುವ ಕ್ರಮ. ಹಗಲು ಜಗಳವಾಡಿದವರೂ ಸಂಜೆ ಒಬ್ಬರೆದುರು ಒಬ್ಬರು ನಿಲ್ಲಬೇಕಾಗುವುದರಿಂದ ಸಿಟ್ಟು ಮರುದಿನಕ್ಕೆ ಉಳಿಯುವುದು ಕಷ್ಟ. ಹೊರಗಿನ ನೋಡುಗರು ಚರ್ಚ್ ಕಟ್ಟಡಗಳನ್ನು ವರ್ಣಿಸಿದಷ್ಟು ಇದನ್ನು ವರ್ಣಿಸಿಲ್ಲ.

ಧರ್ಮಸಭೆಯ ಕಾನೂನಿನಲ್ಲಿ ಮಕ್ಕಳ ಧರ್ಮಶಿಕ್ಷಣದ ಮೊದಲ ಹೊಣೆ ತಂದೆತಾಯಿಯದು. ದೊತೊರ್ನ್ ಎಂದು ಕರೆಯುವ ಭಾನುವಾರದ ಕ್ರೈಸ್ತ ಶಿಕ್ಷಣ ತರಗತಿ ಅದಕ್ಕೆ ಪೂರಕ. ಜ್ಞಾನ ತಂದೆ ಮತ್ತು ಜ್ಞಾನ ತಾಯಿ ದೀಕ್ಷಾಸ್ನಾನದ ದಿನದಿಂದ ಮಗುವಿನ ಮದುವೆಯವರೆಗೂ ಕುಟುಂಬದ ಸಲಹೆಗಾರರಾಗಿ ಉಳಿಯುತ್ತಾರೆ. ಚೊಚ್ಚಲ ಮಗುವಿಗೆ ಹತ್ತಿರದ ಬಂಧುಗಳನ್ನು, ಅಜ್ಜ ಅಜ್ಜಿಯರನ್ನು ಆರಿಸುವ ರೂಢಿಯಿಂದ ಎರಡು ಮನೆತನಗಳ ನಡುವಿನ ನಂಟು ಇನ್ನೊಮ್ಮೆ ಬಿಗಿಯಾಗುತ್ತದೆ.

ಪ್ರಧಾನ ಧರ್ಮಗುರು ತನ್ನ ವ್ಯಾಪ್ತಿಯ ಮನೆಗಳಿಗೆ ಭೇಟಿ ಕೊಟ್ಟು ಆಶೀರ್ವದಿಸುವಾಗ ಗುರಿಕಾರರು ಜೊತೆಗಿರುತ್ತಾರೆ. ಕೆಲಸ ಹೋದವರು, ಹಾಸಿಗೆ ಹಿಡಿದವರು, ಓದು ನಿಲ್ಲಿಸಿದ ಮಕ್ಕಳು ಯಾವ ಮನೆಯಲ್ಲಿದ್ದಾರೆಂಬುದು ಚರ್ಚಿಗೆ ಗೊತ್ತಾಗುವುದು ಇಂಥ ಭೇಟಿಯಲ್ಲಿ. 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸ್ಥಳೀಯ ಘಟಕಗಳು ಈ ಮಾಹಿತಿಯ ಮೇಲೆ ಅಕ್ಕಿ, ಔಷಧ, ಶಾಲಾ ಶುಲ್ಕದ ನೆರವು ಕೊಡುತ್ತವೆ. ನೆರವು ಪಡೆದವರ ಹೆಸರನ್ನು ಸಾರ್ವಜನಿಕವಾಗಿ ಹೇಳದಿರುವುದು ಆ ಸಭೆಯ ನಿಯಮ.

ಮದುವೆ

ಕೆಥೋಲಿಕರ ಮದುವೆಗೆ ದೇಶದ ಕಾನೂನಾಗಿ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ, ಧರ್ಮಸಭೆಯ ಕಡೆಯಿಂದ ಧರ್ಮಸಭಾ ಕಾನೂನು ಎರಡೂ ಅನ್ವಯಿಸುತ್ತವೆ. ವಧೂವರರು ಮದುವೆ ತಯಾರಿಯ ಶಿಬಿರಕ್ಕೆ ಹೋಗಬೇಕು. ಇಬ್ಬರ ಚರ್ಚಿನಲ್ಲೂ ಬಲಿಪೂಜೆಯ ವೇಳೆ ಮದುವೆಯ ಪ್ರಕಟಣೆ ಓದಲಾಗುತ್ತದೆ. ಅಡ್ಡಿ ಗೊತ್ತಿದ್ದವರು ತಿಳಿಸಬೇಕಾದದ್ದು ಕರ್ತವ್ಯ. ವಿವಾಹ ಧರ್ಮಗುರು ಮತ್ತು ಇಬ್ಬರು ಸಾಕ್ಷಿಗಳೆದುರು ನಡೆಯಬೇಕು.

ಸ್ಥಳೀಯ ಪದ್ಧತಿಗೂ ಧರ್ಮಸಭೆಯ ಕಾನೂನಿಗೂ ನೇರ ತಿಕ್ಕಾಟವಿರುವ ಒಂದು ಕಡೆ ರಕ್ತಸಂಬಂಧ. ದಕ್ಷಿಣ ಭಾರತದಲ್ಲಿ ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವುದು ಸಹಜ, ಹಲವೆಡೆ ಅಪೇಕ್ಷಿತ. ಧರ್ಮಸಭೆಯ ಎಣಿಕೆಯಲ್ಲಿ ಅವರು ನಾಲ್ಕನೆಯ ಹಂತದ ರಕ್ತಸಂಬಂಧಿಗಳು, ಧರ್ಮಾಧ್ಯಕ್ಷರ ವಿನಾಯಿತಿ ಇಲ್ಲದೆ ಆ ವಿವಾಹ ಸಿಂಧುವಲ್ಲ. ಹೀಗಾಗಿ ವರ ಹುಡುಕುವ ವಲಯ ನೆಂಟರಿಂದ ಹೊರಗೆ, ದೂರದ ಚರ್ಚುಗಳವರೆಗೆ ಹರಡಿತು. ಗೊತ್ತಿಲ್ಲದ ಮನೆಯ ಬಗ್ಗೆ ವಿಚಾರಿಸಬೇಕಾದಾಗ ಆ ಊರಿನ ಗುರಿಕಾರರನ್ನು ಕೇಳುವ ಪರಿಪಾಠ ಬಂತು. ಮತ್ತೊಂದು ಕಡೆ ಕಾನೂನು ಒಂದು ಹೇಳಿ ರೂಢಿ ಇನ್ನೊಂದು ಮಾಡಿದೆ. ಗೋವೆಯಿಂದ ತಂದ ಬಾಮಣ್, ಚಾರೊಡಿ, ಸುದಿರ್ ಎಂಬ ಜಾತಿಭೇದಗಳಿಗೆ ಧರ್ಮಸಭೆಯಲ್ಲಿ ಯಾವ ಮಾನ್ಯತೆಯೂ ಇಲ್ಲ. ಆದರೂ ಇಪ್ಪತ್ತನೆಯ ಶತಮಾನದ ಬಹುಭಾಗ ಮದುವೆಯ ಸಂಬಂಧಗಳು ಅವುಗಳೊಳಗೇ ನಡೆದವು. ವರದಕ್ಷಿಣೆಯೂ ಹಾಗೆಯೇ ಉಳಿದುಕೊಂಡಿತು. ಒಂದೇ ವಾಡೊದಲ್ಲಿ ಒಟ್ಟಿಗೆ ಪ್ರಾರ್ಥಿಸುವ ಮನೆಗಳು ಮದುವೆಯ ಮಾತಿನಲ್ಲಿ ಬೇರೆ ಬೇರೆಯಾಗಿ ನಿಂತದ್ದು ಈ ವ್ಯವಸ್ಥೆಯ ದೊಡ್ಡ ವೈಫಲ್ಯವೆಂದೇ ದಾಖಲಾಗಬೇಕು. ಶಿಕ್ಷಣ, ನಗರವಾಸ ಮತ್ತು ತಮ್ಮ ಸಂಗಾತಿಯನ್ನು ತಾವೇ ಆರಿಸುವವರ ಹೆಚ್ಚಳದಿಂದ ಈ ಭೇದ ಈಗ ಸಡಿಲವಾಗಿದೆ.

ಮದುವೆಯ ಮುನ್ನಾದಿನ ಎರಡೂ ಮನೆಗಳಲ್ಲಿ ರೊಸ್ ನಡೆಯುತ್ತದೆ. ವಧು ಅಥವಾ ವರನಿಗೆ ಬಂಧುಗಳೂ ನೆರೆಯವರೂ ತೆಂಗಿನ ಹಾಲು ಮತ್ತು ಎಣ್ಣೆ ಹಚ್ಚುತ್ತಾರೆ. ಹೆಂಗಸರು ವೊವ್ಯೊ ಎಂಬ ಸಾಂಪ್ರದಾಯಿಕ ಹಾಡುಗಳನ್ನು ಹಾಡುತ್ತಾರೆ. ಅವಿವಾಹಿತ ಬದುಕಿಗೆ ವಿದಾಯವೆಂದು ಇದನ್ನು ವಿವರಿಸುವುದುಂಟು. ವಧುವಿನ ಕೆಂಪು ಸಾಡೊ ಸೀರೆ ಮತ್ತು ಕರಿಮಣಿ ಯುರೋಪಿನ ಬಿಳಿ ಉಡುಪಿನ ಜೊತೆಗೇ ಉಳಿದುಬಂದಿವೆ. ಹಿಂದೆ ಚಪ್ಪರ ಹಾಕುವುದು, ತೆಂಗಿನಕಾಯಿ ತುರಿಯುವುದು, ಅಡುಗೆ, ಬಡಿಸುವುದು ಎಲ್ಲವೂ ವಾಡೊದ ಕೆಲಸ. ಇಂದು ಹಾಲ್ ಮತ್ತು ಕೇಟರಿಂಗ್ ಬಂದಿರುವುದರಿಂದ ನೆರೆಯವರು ಅತಿಥಿಗಳಾಗಿದ್ದಾರೆ. ಅವರ ಕೈಕೆಲಸ ಉಳಿದಿರುವುದು ಮುಖ್ಯವಾಗಿ ರೊಸಿನಲ್ಲಿ.

ಆಸ್ತಿಯ ವಿಚಾರದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಮಕ್ಕಳಿದ್ದಾಗ ಹೆಂಡತಿಗೆ ಮೂರನೆಯ ಒಂದು ಭಾಗ, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಮದುವೆಯಲ್ಲಿ ಕೊಟ್ಟದ್ದೇ ಹೆಣ್ಣುಮಕ್ಕಳ ಪಾಲೆಂದು ಎಣಿಸಿ ಬಿಡುಗಡೆ ಪತ್ರ ಬರೆಸಿಕೊಳ್ಳುವುದೂ ನಡೆಯುತ್ತದೆ. ಪಾಲಿನ ಜಗಳ ಕೋರ್ಟಿಗೆ ಹೋಗುವ ಮೊದಲು ಗುರಿಕಾರರ, ನಂತರ ಧರ್ಮಗುರುವಿನ ಮುಂದೆ ಬರುವುದು ಹಳೆಯ ಕ್ರಮ. ಅವರ ಮಾತಿಗೆ ಕಾನೂನಿನ ಬಲವಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ ಪಾಸ್ಖ ಕಾಲದಲ್ಲಿ ಪರಮ ಪ್ರಸಾದ ಸ್ವೀಕರಿಸಬೇಕೆಂಬ ಕಟ್ಟಳೆ ರಾಜಿಯಾಗುವಂತೆ ಎರಡೂ ಪಕ್ಷಗಳ ಮೇಲೆ ಒತ್ತಡ ತರುತ್ತದೆ.

ಸಾವು

ವಾಡೊದ ಇರವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸಾವಿನಲ್ಲಿ. ಮರಣದ ಗಂಟೆ ಬಾರಿಸಿದ ಮೇಲೆ ಮನೆಯವರ ಕೈಯಿಂದ ಕೆಲಸ ನೆರೆಯವರ ಕೈಗೆ ಹೋಗುತ್ತದೆ. ಗುರಿಕಾರರು ಧರ್ಮಗುರುವಿಗೆ ತಿಳಿಸಿ, ಪೂಜೆಯ ಹೊತ್ತು ಗೊತ್ತುಮಾಡಿ, ಸಮಾಧಿಯ ಗುಂಡಿಯ ವ್ಯವಸ್ಥೆ ಮಾಡುತ್ತಾರೆ. ನೆರೆಯ ಹೆಂಗಸರು ಅಡುಗೆಮನೆ ನೋಡಿಕೊಳ್ಳುತ್ತಾರೆ, ಗಂಜಿ ಕಾಯಿಸುತ್ತಾರೆ. ದೇಹದ ಬಳಿ ಜಪಸರ ನಿಲ್ಲದಂತೆ ಮನೆಗಳು ಸರದಿಯಲ್ಲಿ ಪ್ರಾರ್ಥಿಸುತ್ತವೆ. ಸಮಾಧಿಯ ನಂತರ 7ನೆಯ ದಿನ, ತಿಂಗಳು, ವರ್ಷದ ಬಲಿಪೂಜೆಗಳಿಗೂ ವಾಡೊ ಬರಬೇಕು. ನವೆಂಬರ್ 2ರ ಮೃತರ ಸ್ಮರಣೆಯಂದು ಸಮಾಧಿಗಳನ್ನು ಹೂವು ಮೊಂಬತ್ತಿಗಳಿಂದ ಅಲಂಕರಿಸುವಾಗ, ಹತ್ತಿರದವರು ಊರಿನಲ್ಲಿಲ್ಲದ ಸಮಾಧಿಗೂ ಯಾರಾದರೂ ನೆರೆಯವರು ಒಂದು ಮೊಂಬತ್ತಿ ಹಚ್ಚುವುದು ರೂಢಿ.

ಹಬ್ಬಗಳು

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ, ಕನ್ಯಾಮರಿಯಮ್ಮನ ಜನ್ಮದಿನ ಮತ್ತು ಹೊಸ ತೆನೆಯ ಹಬ್ಬ ಎರಡೂ ಹೌದು. ಪಡೀಲಿನಿಂದ ಪೂರ್ವಕ್ಕೆ ಬಿ.ಸಿ. ರೋಡಿನ ಕಡೆಗೆ ಹೋಗುವ ಹೆದ್ದಾರಿಯ ಬದಿಯ ಫರಂಗಿಪೇಟೆಯಲ್ಲಿ, ನೇತ್ರಾವತಿ ದಡದ ಮೊಂತೆ ಮರಿಯಾನೊದಲ್ಲಿ ಗೋವೆಯ ಧರ್ಮಗುರು ಜೊವಾಕಿಂ ಮಿರಾಂದ 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಸಂಪ್ರದಾಯ ಹೇಳುತ್ತದೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ತರುತ್ತಾರೆ. ಹಬ್ಬದ ದಿನ ತೆನೆ ಆಶೀರ್ವದಿಸಿ ಪ್ರತಿ ಕುಟುಂಬಕ್ಕೂ ಹಂಚುತ್ತಾರೆ, ಮಕ್ಕಳಿಗೆ ಕಬ್ಬು.

ಆ ತೆನೆಯಿಂದ ನಡೆಯುವುದು ನೊವೆಂ ಊಟ. ಭತ್ತದ ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಸೇರಿಸಿ, ಪ್ರಾರ್ಥನೆಯ ಬಳಿಕ ಯಜಮಾನರು ಹಿರಿಯರಿಂದ ಕಿರಿಯರವರೆಗೆ ಎಲ್ಲರಿಗೂ ಕೊಡುತ್ತಾರೆ. ಮೀನು ಮಾಂಸವಿಲ್ಲದ ಊಟ, ಬಾಳೆ ಎಲೆ, ಪದಾರ್ಥಗಳು ಬೆಸ ಸಂಖ್ಯೆಯಲ್ಲಿ: ಕೆಸುವಿನ ದಂಟು, ಹೀರೆ, ಬೆಂಡೆ, ಹಾಗಲ, ಅಲಸಂಡೆ ಮುಂತಾದವು. ಒಡೆದು ಬೇರೆಯಾದ ಮನೆಗಳೂ ಮೂಲಮನೆಯಲ್ಲಿ ಸೇರಬೇಕಾದ ಊಟವಿದು. ದೂರದಲ್ಲಿರುವವರಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಹಿಂದೂ ನೆರೆಹೊರೆಯ ಕುರಲ್ ಪರ್ಬವೂ ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಹಬ್ಬವೇ.

ಚರ್ಚಿನ ವಾರ್ಷಿಕ ಹಬ್ಬಕ್ಕೆ ಮುಂಚಿನ ಭಾನುವಾರ ಕೊಂಪ್ರಿ, ಅಂದರೆ ಭ್ರಾತೃತ್ವದ ಭಾನುವಾರ. ಹಳೆಯ ಭ್ರಾತೃತ್ವ ಸಂಘಗಳ ನೆನಪಾಗಿ ಉಳಿದ ಈ ದಿನ ಪರಮ ಪ್ರಸಾದವನ್ನು ಬೀದಿಯಲ್ಲಿ ಮೆರವಣಿಗೆಯಾಗಿ ಒಯ್ಯುತ್ತಾರೆ. ದಾರಿಯನ್ನು ಅಲಂಕರಿಸುವ ಭಾಗಗಳನ್ನು ವಾಡೊಗಳು ಹಂಚಿಕೊಳ್ಳುತ್ತವೆ. ಬಿಕರ್ನಕಟ್ಟೆಯ ಬಾಲಯೇಸು ಮಂದಿರದ ಜನವರಿಯ ಹಬ್ಬಕ್ಕೆ ಹೊರೆಕಾಣಿಕೆ ಒಯ್ಯುವ ಪದ್ಧತಿ ತುಳುನಾಡಿನ ದೇವಸ್ಥಾನಗಳಲ್ಲಿಯೂ ಇರುವಂಥದ್ದು. ಕ್ರಿಸ್ಮಸ್ಸಿನಲ್ಲಿ ಕುಸ್ವಾರ್ ಎಂಬ ತಿಂಡಿಗಳ ತಟ್ಟೆಗಳು ಇತರ ಧರ್ಮದ ನೆರೆಮನೆಗಳಿಗೂ ಹೋಗುತ್ತವೆ. ಅಕ್ಟೋಬರಿನಲ್ಲಿ ಜಪಸರ, ತಪಸ್ಸುಕಾಲದಲ್ಲಿ ಶಿಲುಬೆ ಹಾದಿ ವಾಡೊವಾರು ನಡೆಯುತ್ತವೆ.

ಸಂಘಗಳು

ವಾಡೊದ ಪಕ್ಕದಲ್ಲೇ ಕೆಥೋಲಿಕ್ ಸಭಾ, ಸ್ತ್ರೀ ಸಂಘಟನೆ, ಯುವಜನರ ಐಸಿವೈಎಂ, ವಿದ್ಯಾರ್ಥಿಗಳ ವೈಸಿಎಸ್, ಮರಿಯಮ್ಮನ ಸೊಡ್ಯಾಲಿಟಿ, ಡಬ್ಲಿನ್‌ನಲ್ಲಿ 1921ರಲ್ಲಿ ಹುಟ್ಟಿದ ಮರಿಯ ಸೈನ್ಯ ಮುಂತಾದವು ಕೆಲಸ ಮಾಡುತ್ತವೆ. ಅದೇ 1921ರಲ್ಲಿ ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಸ್ಥಾಪಿಸಿದ ಬೆಥನಿ ಭಗಿನಿಯರು ಶಾಲೆಗಳ ಜೊತೆಗೆ ಮನೆಭೇಟಿಯನ್ನೂ ಮಾಡುತ್ತಾರೆ. ಧರ್ಮಪ್ರಾಂತದ ಸಮಾಜಸೇವಾ ಸಂಸ್ಥೆ ಸಿಒಡಿಪಿ ನಡೆಸುವ ಸ್ವಸಹಾಯ ಗುಂಪುಗಳಲ್ಲಿ ಎಲ್ಲ ಧರ್ಮದ ಹೆಂಗಸರೂ ಇದ್ದಾರೆ.

ಪ್ರಾಟೆಸ್ಟಂಟ್ ಸಭೆಗಳಲ್ಲಿ

ವಾಡೊಗೆ ಸಮಾನವಾದ ಘಟಕ ಮಂಗಳೂರಿನ ಪ್ರಾಟೆಸ್ಟಂಟರಲ್ಲಿ ಬೇರೆ ದಾರಿಯಲ್ಲಿ ಬೆಳೆಯಿತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಬಂದಿಳಿದು ಬಾಸೆಲ್ ಮಿಷನ್ ಆರಂಭಿಸಿದರು. ಮತಾಂತರಗೊಂಡವರಲ್ಲಿ ಬಿಲ್ಲವರು ಬಹಳ. ಅವರು ಮೂರ್ತೆಯ ಕಸುಬನ್ನು ಬಿಡಬೇಕಾಯಿತು, ಅಳಿಯಸಂತಾನದ ಕೂಡುಮನೆಯಿಂದ ಹೊರಬೀಳಬೇಕಾಯಿತು. 1850ರ ಜಾತಿ ಅನರ್ಹತೆ ನಿವಾರಣಾ ಕಾಯಿದೆ ಆಸ್ತಿಯ ಹಕ್ಕನ್ನು ಕಾಗದದ ಮೇಲೆ ಉಳಿಸಿತ್ತು. ಬದುಕು ನಡೆಯಲು ಬೇರೆ ಆಧಾರ ಬೇಕಿತ್ತು. ನೇಯ್ಗೆ ಶಾಲೆ, ಮುದ್ರಣಾಲಯ, 1865ರಿಂದ ಹಂಚಿನ ಕಾರ್ಖಾನೆ ಆ ಆಧಾರವಾದವು. ಇವರ ನೆರೆ ಮಿಷನ್ ಕಾಂಪೌಂಡ್. ಅದರ ಮೇಲ್ವಿಚಾರಣೆ ಪಾಲಕರು ಮತ್ತು ಸಭಾ ಹಿರಿಯರದು. ಮನೆಯ ಆರಾಧನೆ ಕನ್ನಡ ಅಥವಾ ತುಳುವಿನಲ್ಲಿ. ತುಳು ಹೊಸ ಒಡಂಬಡಿಕೆ 1847ರ ವೇಳೆಗೇ ಪೂರ್ಣವಾಗಿ ಅಚ್ಚಾಗಿತ್ತು. ತಾಯಿಯ ವಂಶದಿಂದ ತಂದೆಯ ವಂಶಕ್ಕೆ, ಕೂಡುಮನೆಯಿಂದ ಗಂಡ ಹೆಂಡತಿ ಮಕ್ಕಳ ಮನೆಗೆ ಒಂದೇ ತಲೆಮಾರಿನಲ್ಲಿ ಆದ ಬದಲಾವಣೆ ಈ ಸಮುದಾಯದ ಕುಟುಂಬ ಜೀವನದ ವಿಶೇಷ. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಇಲ್ಲಿನ ಸಭೆಗಳು ಸೇರಿವೆ. ಮಹಿಳೆಯರ ಅನ್ಯೋನ್ಯ ಕೂಟ, ಭಾನುವಾರ ಶಾಲೆ, ಮನೆ ಪ್ರಾರ್ಥನಾ ಕೂಟಗಳು ವಾಡೊ ಮಾಡುವ ಕೆಲಸವನ್ನೇ ಬೇರೆ ಹೆಸರಿನಲ್ಲಿ ಮಾಡುತ್ತವೆ.

ಇಂದಿನ ಸ್ಥಿತಿ

2012ರಲ್ಲಿ ಉಡುಪಿ ಧರ್ಮಪ್ರಾಂತ ಪ್ರತ್ಯೇಕವಾದರೂ ವಾಡೊ, ಗುರಿಕಾರ, ಪಾಲನಾ ಮಂಡಳಿಯ ಕ್ರಮ ಎರಡೂ ಕಡೆ ಒಂದೇ ಬಗೆಯಲ್ಲಿದೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠ ಮತ್ತು ಇತರ ಪ್ರಾರ್ಥನಾ ಸ್ಥಳಗಳ ಮೇಲೆ ನಡೆದ ದಾಳಿಗಳು ನೆರೆಹೊರೆಯ ಸಂಬಂಧಕ್ಕೆ ಪೆಟ್ಟು ಕೊಟ್ಟವು. ಆ ಬಳಿಕ ಸರ್ವಧರ್ಮ ಸೌಹಾರ್ದ ಕೂಟಗಳು ಚರ್ಚುಗಳ ಕಾರ್ಯಕ್ರಮದಲ್ಲಿ ಎದ್ದುಕಾಣುವಂತಾದವು.

ದೀರ್ಘಕಾಲದ ಒತ್ತಡ ಬಂದಿರುವುದು ವಲಸೆಯಿಂದ. ಮುಂಬಯಿ, 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳು, ಈಚೆಗೆ ಕೆನಡಾ ಮತ್ತು ಆಸ್ಟ್ರೇಲಿಯಾ ಕಡೆಗೆ ದುಡಿಯುವ ವಯಸ್ಸಿನವರು ಹೋದರು. ವಾಡೊಗಳಲ್ಲಿ ವೃದ್ಧರಷ್ಟೇ ಇರುವ ಮನೆಗಳು ಹೆಚ್ಚಾದವು. ಹೀಗಾಗಿ ಹಳೆಯ ಕರ್ತವ್ಯಗಳಲ್ಲಿ ಒಂದು, ಕಾಯಿಲೆಯವರ ಭೇಟಿ, ಈಗ ಮೊದಲ ಸ್ಥಾನಕ್ಕೆ ಬಂದಿದೆ: ಆಸ್ಪತ್ರೆಗೆ ಕರೆದೊಯ್ಯುವುದು, ವಿದೇಶದ ಮಕ್ಕಳಿಗೆ ಸುದ್ದಿ ಕೊಡುವುದು, ಹಾಸಿಗೆ ಹಿಡಿದವರ ಮನೆಗೆ ಪರಮ ಪ್ರಸಾದ ತಲಪುವಂತೆ ನೋಡಿಕೊಳ್ಳುವುದು. 2020ರಲ್ಲಿ ಕೋವಿಡ್‌ನಿಂದ ಚರ್ಚುಗಳು ಮುಚ್ಚಿದಾಗ ಬಲಿಪೂಜೆ ಯೂಟ್ಯೂಬಿನಲ್ಲಿ ಬಂತು. ಔಷಧ, ದಿನಸಿ ತಲಪಿಸಿದ್ದು ವಾಡೊದ ವಾಟ್ಸ್‌ಆ್ಯಪ್ ಗುಂಪು. ಅಂಥ ಗುಂಪುಗಳು ಈಗ ಶಾಶ್ವತವಾಗಿವೆ.

ಪಡೀಲಿನಲ್ಲಿ ಬದಲಾವಣೆ ಇನ್ನೂ ಒಂದು ಮುಖ ತೋರಿಸುತ್ತದೆ. ಮಂಗಳೂರು ಜಂಕ್ಷನ್ ರೈಲು ನಿಲ್ದಾಣ ಮತ್ತು ಹೆದ್ದಾರಿ ಹತ್ತಿರವಿರುವುದರಿಂದ ಗದ್ದೆ ತೋಟಗಳಿದ್ದ ಕಡೆ ವಸತಿ ಸಮುಚ್ಚಯಗಳು ಎದ್ದಿವೆ. ಬೇರೆ ಫಿರ್ಗಜ್‌ಗಳಿಂದ, ಘಟ್ಟದ ಮೇಲಿನಿಂದ, ಕೇರಳದಿಂದ ಬಂದ ಕುಟುಂಬಗಳು ಅವುಗಳಲ್ಲಿವೆ. ಮಲಯಾಳಿಗಳಲ್ಲಿ ಹಲವರು ಸಿರೊ-ಮಲಬಾರ್ ಸಂಪ್ರದಾಯದವರು. 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿ ಧರ್ಮಪ್ರಾಂತ ಅವರದು. ಕೊಂಕಣಿ ಬಾರದವರಿಗಾಗಿ ಕನ್ನಡ ಮತ್ತು ಇಂಗ್ಲಿಷ್ ಪೂಜೆಗಳು ಸೇರಿಕೊಂಡವು. ಮನೆಯಲ್ಲಿ ಕೊಂಕಣಿ ಆಡಿದರೂ ಕನ್ನಡ ಲಿಪಿ ಸರಾಗವಾಗಿ ಓದಲಾರದ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗಾಗಿ ಪ್ರಾರ್ಥನೆಗಳನ್ನು ರೋಮನ್ ಲಿಪಿಯಲ್ಲೂ ಅಚ್ಚುಹಾಕುತ್ತಾರೆ. ವಾಡೊದ ಗಡಿಯನ್ನು ಮನೆಗಳ ಸಾಲಿನಿಂದ ಎಳೆಯುತ್ತಿದ್ದಲ್ಲಿ ಈಗ ಒಂದೇ ಕಟ್ಟಡದ ಮಹಡಿಗಳು ಒಂದು ವಾಡೊ ಆಗಬಹುದೇ ಎಂಬುದು ಪಾಲನಾ ಮಂಡಳಿಗಳ ಮುಂದಿರುವ ವ್ಯವಹಾರದ ಪ್ರಶ್ನೆ. ಸಭೆ ನಡೆಸಲು ಫ್ಲ್ಯಾಟಿನ ಹಜಾರ ಸಾಲದಾದಾಗ ಕೆಲವೆಡೆ ಅದು ಕಟ್ಟಡದ ಟೆರೇಸಿಗೋ ಚರ್ಚಿನ ಸಭಾಂಗಣಕ್ಕೋ ಸ್ಥಳಾಂತರವಾಗಿದೆ.